ಮುತ್ಯಾಲಮ್ಮನ ಹಗ್ಗ

ದೇವರಾಯಸಮುದ್ರದಲ್ಲಿ ನಾಲ್ಕು ವರ್ಷ ಯಾರೂ ಮುತ್ಯಾಲಮ್ಮನ ಕೈಯಿಂದ ಒಂದು ಗೇಣು ಹಗ್ಗ ಕೊಳ್ಳಲಿಲ್ಲ. ಅದಕ್ಕೆ ಮುಂಚೆ ಹೇಗಿತ್ತು ಅಂತೀರಿ! ಕಪಿಲೆ ಬಾವಿಗೆ ಅವಳ ಹಗ್ಗ, ಎತ್ತು ಕಟ್ಟೋದಕ್ಕೆ ಅವಳ ಹಗ್ಗ, ಬಾಣಂತಿ ಮನೆಯ ತೊಟ್ಟಿಲಿಗೂ ಅವಳದೇ ಆಗಬೇಕು. ಕತ್ತಾಳೆ ಪಟ್ಟೆ ಕಡಿದು ತಂದು, ಕೆರೆಯಂಚಿನಲ್ಲಿ ಕೊಳೆಹಾಕಿ, ಬಂಡೆಯ ಮೇಲೆ ಬಡಿದು, ನಾರು ಬಿಡಿಸಿ ಒಣಗಿಸಿ, ತೊಡೆಯ ಮೇಲಿಟ್ಟು ಹೊಸೆಯೋದಕ್ಕೆ ಕೂತಳೆಂದರೆ ಅವಳ ಕೈಯನ್ನೇ ನೋಡುತ್ತಾ ಜನ ಬಂದ ಕೆಲಸ ಮರೆಯುತ್ತಿದ್ದರು. ಹೊಸೆಯುವಾಗ ತನ್ನ ಹಳೇ ಸೀರೆಯಿಂದ ಒಂದು ಕೆಂಪು ದಾರ ಹಿರಿದು ಮೇಲೆ ಕಾಣುವ ಹಾಗೆ ಸೇರಿಸುತ್ತಿದ್ದಳು. ಸಂತೆಯಲ್ಲಿ ನೂರು ಹಗ್ಗದ ನಡುವೆ ಇಟ್ಟರೂ ಇದು ಮುತ್ಯಾಲಮ್ಮನದು ಅಂತ ಗೊತ್ತಾಗಿಬಿಡುತ್ತಿತ್ತು.

ಅಂಥ ಹಗ್ಗ ಕಿತ್ತುಹೋಯಿತು. ಅದೂ ಸ್ವಂತ ಗಂಡನ ಸೊಂಟದಲ್ಲಿದ್ದದ್ದು. ಗಂಡ ಆವಲಪ್ಪ ಬೆಟ್ಟದಿಂದ ಬಿದ್ದು ಕಾಲು ಮುರಿದುಕೊಂಡ. ಊರು ಸುಮ್ಮನಿರುತ್ತದೆಯೇ? ಪಕ್ಕದ ಮನೆ ಭಾರತಮ್ಮ ಅವತ್ತೇ ಸಂಜೆ ಮೊಮ್ಮಗನನ್ನು ಎತ್ತಿಕೊಂಡು ತೊಟ್ಟಿಲ ಹಗ್ಗ ಬಿಚ್ಚಿಹಾಕಿದಳು. ಮಾತಿಗೆ ತಪ್ಪುವವನನ್ನು ಕಂಡರೆ, "ಅವನ ಮಾತಾ? ಮುತ್ಯಾಲಮ್ಮನ ಹಗ್ಗ ಬಿಡೋ" ಅನ್ನುವುದು ರೂಢಿಯಾಯಿತು. ಆ ಮಾತು ಅವಳ ಕಿವಿಗೂ ಬೀಳುತ್ತಿತ್ತು. ಬಾಯಿ ಜೋರಿನ ಹೆಂಗಸು, ಬೇರೆ ಯಾವ ವಿಷಯಕ್ಕಾದರೂ ಬೀದಿಗಿಳಿದು ಜನ್ಮ ಜಾಲಾಡಿಬಿಡುತ್ತಿದ್ದಳು. ಇದಕ್ಕೆ ಮಾತ್ರ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಯಾಕೆಂದರೆ ಅವಳೂ ಅದನ್ನು ನಂಬಿದ್ದಳು.

ಆ ಮನೆಯ ಕಸುಬು ಜೇನು. ಊರ ಹಿಂದಿನ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ಅದನ್ನು ಇಳಿಸುವುದಕ್ಕೆ ಅವರದೇ ಒಂದು ಕಟ್ಟಳೆ. ಗಂಡ ಇಳಿಯುವ ಹಗ್ಗವನ್ನು ಹೆಂಡತಿಯೇ ಹೊಸೆಯಬೇಕು. ಮೇಲೆ ನಿಂತು ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಬೇಕು. ಸ್ವಂತ ಅಣ್ಣತಮ್ಮನಾದರೂ ಆಸ್ತಿಯ ಆಸೆಗೆ ಕೈ ಬಿಟ್ಟಾನು, ಒಡಹುಟ್ಟಿದವಳ ಕುಂಕುಮ ಅಳಿಸುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ ಅನ್ನುವ ಲೆಕ್ಕ. ಎರಡನೇ ಹಗ್ಗ ಕಟ್ಟಿಕೊಳ್ಳುವ ಹಾಗಿಲ್ಲ, ಕಟ್ಟಿದರೆ ಹೆಂಡತಿಯ ಕೈಯನ್ನೂ ಬಾಮೈದನ ಕೈಯನ್ನೂ ಅನುಮಾನಿಸಿದ ಹಾಗೆ. ಹೆಂಡತಿ ಬೆಟ್ಟ ಹತ್ತಬಾರದು. ಗಂಡ ವಾಪಸು ಬರುವ ತನಕ ದೀಪ ಹಚ್ಚಿಟ್ಟು ಹೊಸಿಲೊಳಗೇ ಇರಬೇಕು. ಆವಲಪ್ಪನ ಹಗ್ಗ ಹಿಡಿಯುತ್ತಿದ್ದವನು ಮುತ್ಯಾಲಮ್ಮನ ತಮ್ಮ ಕದಿರೇಶ. ಅಪ್ಪ ಅಮ್ಮ ಪ್ಲೇಗಿನಲ್ಲಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಅವಳಿಗೆ ತವರು ಅಂತ ಇದ್ದದ್ದು ಅವನೊಬ್ಬನೇ. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಕೈ ಕೊಟ್ಟು ಎಡಗೈ ತೋರುಬೆರಳು ಅರ್ಧ ಹೋಗಿತ್ತು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಮದರಾಸಿನ ಕಡೆಯ ಒಂದು ಸಿನಿಮಾ ಕಂಪನಿ ಲಾರಿ ತುಂಬ ಸಾಮಾನು ಹೇರಿಕೊಂಡು ಊರಿಗೆ ಬಂತು. ಕತ್ತಿ ಕಾಳಗದ ತಮಿಳು ಪಿಕ್ಚರಂತೆ. ಬೆಳ್ಳಿ ಕಾಗದ ಅಂಟಿಸಿದ ಹಲಗೆಗಳೇನು, ಮೂರು ಕಾಲಿನ ಎರಡೆರಡು ಕ್ಯಾಮರಾ ಏನು, ಕುದುರೆಗಳೇನು! ರಾಜಕುಮಾರನ ವೇಷದವನು ಬೆಟ್ಟದ ಅಂಚಿಗೆ ಹೋಗಿ ಒಮ್ಮೆ ಕೆಳಗೆ ಬಗ್ಗಿ ನೋಡಿದವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ, ಎಬ್ಬಿಸಲು ಇಬ್ಬರು ಬೇಕಾಯಿತು. ಹಿಂದಿನ ಪಿಕ್ಚರಿನಲ್ಲಿ ಹುಲ್ಲಿನ ಗೊಂಬೆ ನೇತುಹಾಕಿ ಜನರ ಕೈಲಿ ಛೀ ಥೂ ಅನ್ನಿಸಿಕೊಂಡಿದ್ದ ಡೈರೆಕ್ಟರಿಗೆ ಈ ಸಲ ಜೀವಂತ ಮನುಷ್ಯನೇ ಬೇಕಾಗಿತ್ತು. ಊರವರು ಆವಲಪ್ಪನನ್ನು ತೋರಿಸಿದರು. ಬೆಳಗ್ಗೆ ಅವನಿಗೆ ಪಳಪಳ ಹೊಳೆಯುವ ಅಂಗಿ, ತಲೆಗೆ ಟೋಪಿ ಹಾಕಿ ಕರೆದುಕೊಂಡು ಹೋದರು.

ಅವತ್ತು ಗಂಡ ಹೆಂಡತಿಗೆ ಜಗಳ. ಅದಕ್ಕೆ ಹಿಂದಿನ ವಾರವಿಡೀ ಜಗಳವೇ. ಜೀವ ಪಣಕ್ಕಿಟ್ಟು ವೇಷ ಹಾಕೋದು ಯಾಕೆ ಅಂತ ಅವಳು, ಒಂದು ಸಲ ರಾಜನಾಗಿ ಸಾಯ್ತೀನಿ ಬಿಡೇ ಅಂತ ಅವನು ತಮಾಷೆಗೆ. ಹೊಸ ಹಗ್ಗವನ್ನು ಅವಳು ಆ ಸಿಟ್ಟಿನಲ್ಲೇ ಹೊಸೆದಿದ್ದಳು. ಮಧ್ಯಾಹ್ನದ ಹೊತ್ತಿಗೆ ಕೆರೆ ಕಟ್ಟೆಯ ಮೇಲಿಂದ ಜನರ ಕೂಗು ಕೇಳಿತು. ಹೊಸಿಲು ದಾಟಬಾರದು ಅಂತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಮಂಚದ ಮೇಲೆ ಗಂಡನನ್ನು ಹೊತ್ತು ತಂದರು. ಬೇಲದ ಮರವೊಂದು ನಡುವೆ ತಡೆಯದಿದ್ದರೆ ಹೆಣವೇ ಬರುತ್ತಿತ್ತು.

"ಹಗ್ಗ ಕಿತ್ತೋಯ್ತು ಅಕ್ಕಾ," ಅಂದ ಕದಿರೇಶ. ಅವನ ಮುಖ ಸುಣ್ಣದ ಗೋಡೆ ಆಗಿತ್ತು.

"ನನ್ನ ಹಗ್ಗವಾ?"

"ಹೂಂ. ಬಂಡೆಗೆ ತಿಕ್ಕಿ ಕಿತ್ತೋಯ್ತು."

ಕಂಪನಿ ಅವತ್ತೇ ಗಂಟುಮೂಟೆ ಕಟ್ಟಿ ಹೊರಟುಹೋಯಿತು. ಜೇನು ಏಳುತ್ತದೆ ಅಂತ ಊರವರನ್ನೆಲ್ಲ ದೂರದ ಕೆರೆ ಕಟ್ಟೆಯ ಮೇಲೆ ನಿಲ್ಲಿಸಿದ್ದರು, ಅಲ್ಲಿಂದ ಕಂಡದ್ದು ಒಬ್ಬ ಮನುಷ್ಯ ಬಿದ್ದದ್ದು ಅಷ್ಟೆ. ಮುತ್ಯಾಲಮ್ಮ ಎಷ್ಟೋ ಸಲ ಕೇಳಿದಳು, "ಆ ಹಗ್ಗ ಎಲ್ಲೋ? ಒಂದ್ಸಲ ತೋರ್ಸೋ, ಎಲ್ಲಿ ಕಿತ್ತೈತೆ ನೋಡ್ತೀನಿ." ಅಪಶಕುನದ್ದು ಅಂತ ಕೆರೆಗೆ ಎಸೆದೆ ಅಂದ ಕದಿರೇಶ. ಗಂಡನನ್ನು ಕೇಳಿದರೆ ಗೋಡೆಗೆ ಮುಖ ತಿರುಗಿಸುತ್ತಿದ್ದ. ತನ್ನ ಸಿಟ್ಟೇ ಹಗ್ಗದೊಳಗೆ ಹೋಗಿ ಕಿತ್ತಿತು ಅಂತ ಅವಳು ನಿಶ್ಚಯ ಮಾಡಿಕೊಂಡಳು. ಅವನ ಕಾಲಿಗೆ ಎಣ್ಣೆ ತಿಕ್ಕುವಾಗೆಲ್ಲ, "ತಪ್ಪಾಯ್ತು ಕಣಯ್ಯಾ" ಅಂತ ಅಳುತ್ತಿದ್ದಳು. ಅವನು ಏನೂ ಅನ್ನುತ್ತಿರಲಿಲ್ಲ. ಅವಳು ನಾರು ಮುಟ್ಟುವುದನ್ನೇ ಬಿಟ್ಟು ಕಂಡವರ ರಾಗಿ ಹೊಲದಲ್ಲಿ ಕಳೆ ಕೀಳುವುದಕ್ಕೆ ಹೋದಳು.

ಎರಡೂ ಮನೆಯ ಒಲೆ ಉರಿಯಬೇಕಲ್ಲ. ಕದಿರೇಶನಿಗೆ ಮದುವೆ ಆಗಿರಲಿಲ್ಲ, ಹಗ್ಗ ಹಿಡಿಯಲು ಬಾಮೈದ ಎಲ್ಲಿಂದ ಬರಬೇಕು? ಅವನೇ ಸಂತೆಯ ಹಗ್ಗ ಸೊಂಟಕ್ಕೆ ಕಟ್ಟಿ ಬಂಡೆಗೆ ಇಳಿಯುತ್ತಿದ್ದ. ಮೇಲೆ ಕುಂಟುಗಾಲಿನ ಆವಲಪ್ಪ ಒಂದು ಗುಂಡುಕಲ್ಲಿಗೆ ಹಗ್ಗ ಸುತ್ತಿ ಹಿಡಿದು ಕೂರುತ್ತಿದ್ದ. ನನ್ನ ಹಗ್ಗ ಕೈಕೊಟ್ಟರೂ ನನ್ನ ತಮ್ಮ ಕೈಬಿಡಲಿಲ್ಲ ಅಂತ ಮುತ್ಯಾಲಮ್ಮ ಕಂಡಕಂಡವರ ಹತ್ತಿರ ಹೊಗಳುತ್ತಿದ್ದಳು.

ಯುದ್ಧದ ಗಲಾಟೆಯಲ್ಲಿ ಎಲ್ಲೋ ಮೂಲೆಗೆ ಬಿದ್ದಿದ್ದ ಆ ಪಿಕ್ಚರು ಕೊನೆಗೂ ಮುಗಿದು ಮುಳಬಾಗಿಲಿನ ಟೆಂಟಿಗೆ ಬಂತು. ತಮಟೆ ಬಡಿದುಕೊಂಡು ಬಂದ ಗಾಡಿಯವನು ಸಾರಿ ಹೋದ. ಮುತ್ಯಾಲಮ್ಮನಿಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಕಾಲು ನೆಟ್ಟಗಿದ್ದಾಗಿನ ಗಂಡನನ್ನು ಇನ್ನೊಂದು ಸಲ ನೋಡಬಹುದಲ್ಲ.

"ಅದು ತಮಿಳು ಅಕ್ಕಾ, ನಿಂಗೇನ್ ಗೊತ್ತಾಗ್ತದೆ?" ಅಂದ ಕದಿರೇಶ.

"ನನ್ ಗಂಡ ನೇತಾಡೋದು ನೋಡಕ್ಕೆ ತಮಿಳು ಯಾಕ್ಲಾ ಬೇಕು?"

"ಬ್ಯಾಡ ಬಿಡೇ," ಅಂದ ಆವಲಪ್ಪ. "ಕಾಲು ನೋವು ನಂಗೆ."

"ಗಾಡೀಲಿ ಕೂತ್ಕೊಂಡು ಬರಕ್ಕೆ ಕಾಲ್ಯಾಕೆ? ಬಾಯ್ಮುಚ್ಕೊಂಡು ಬಾ."

ಊರಿನ ಚನ್ನರಾಯಪ್ಪನ ಎತ್ತಿನ ಗಾಡಿಯಲ್ಲಿ ಹೊರಟರು. ಸಿನಿಮಾ ಅಂದರೆ ಹಗೆಯೂ ಮರೆತುಹೋಗುತ್ತದೆ ನೋಡಿ, ತೊಟ್ಟಿಲ ಹಗ್ಗ ಬಿಚ್ಚಿದ ಭಾರತಮ್ಮನೂ ಹತ್ತಿ ಕೂತಳು. ಕದಿರೇಶ ಮಾತ್ರ ಬರಲಿಲ್ಲ.

ಟೆಂಟಿನಲ್ಲಿ ಮರಳ ಮೇಲೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಬಿದಿರ ಗಳು. ಪರದೆಯ ಮೇಲೆ ರಾಜಕುಮಾರ ಕತ್ತಿ ಬೀಸಿದ, ಹಾಡಿದ, ಮತ್ತೆ ಕತ್ತಿ ಬೀಸಿದ. ಜನ ಸೀಟಿ ಹೊಡೆದರು. ಆಮೇಲೆ ಬೆಟ್ಟ ಬಂತು. ಅವರದೇ ಬೆಟ್ಟ! ದೇವರಾಯಸಮುದ್ರದವರೆಲ್ಲ ಒಮ್ಮೆಲೇ ಹೋ ಅಂದರು. ಬಂಡೆಯ ಮೇಲಿಂದ ಹೊಳೆಯುವ ಅಂಗಿಯವನು ಇಳಿಯತೊಡಗಿದ. ಮುಖ ಕಾಣಲಿಲ್ಲ. ಆದರೆ ಎಡಗಾಲಿನಿಂದ ಬಂಡೆಯನ್ನು ಒದ್ದು ಒದ್ದು ಜಾರುವ ಆ ರೀತಿ ಬೇರೆ ಯಾರದು?

"ನೋಡೇ ಭಾರತೀ, ನಮ್ಮನೆಯವ್ರು! ಕಾಲು ನೋಡೇ, ಹೆಂಗೈತೆ ನೋಡೇ!" ಅಂತ ಪಕ್ಕದವಳ ತೊಡೆ ಹಿಡಿದು ಅಲುಗಾಡಿಸಿದಳು. ಕಣ್ಣಲ್ಲಿ ನೀರು ಬಂತು ಅವಳಿಗೆ.

ಬೆಟ್ಟದ ಮೇಲೆ ಕೇಡಿಯ ಮೀಸೆಯ ಮುಖ ಬಂತು, ನಕ್ಕಿತು. ಆಮೇಲೆ ಪರದೆಯ ತುಂಬ ಒಂದು ಹಗ್ಗ, ಎಳೆ ಎಳೆಯೂ ಕಾಣುವಷ್ಟು ಹತ್ತಿರ. ಹೊಸೆದ ಎಳೆಗಳ ನಡುವೆ ಒಂದು ಕಪ್ಪು ದಾರ. ಸಿನಿಮಾದಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ ಅಂತ ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ತನ್ನ ಸೀರೆಯ ದಾರ ತನಗೆ ಗೊತ್ತಾಗದೇ? ಹಗ್ಗದ ಹತ್ತಿರಕ್ಕೆ ರೇಷ್ಮೆ ತೋಳಿನ ಒಂದು ಎಡಗೈ ಬಂತು. ಕೈಯಲ್ಲಿ ಬಾಕು. ಬಾಕು ಹಿಡಿದ ಕೈಯ ತೋರುಬೆರಳು ಅರ್ಧವಿತ್ತು.

ಮುತ್ಯಾಲಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅಯ್ಯೋ, ನಮ್ಮ ಕದಿರೇಶನ ಕೈ, ಹಗ್ಗ ಹಿಡ್ಕೊಂಡವ್ನೆ, ಅಂದುಕೊಂಡಳು. ಆ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿ ರಾತ್ರಿಯೆಲ್ಲ ಮಡಿಲಲ್ಲಿ ಇಟ್ಟುಕೊಂಡು ಕೂತವಳು ಅವಳೇ. ಬಾಕು ಹಗ್ಗದ ಮೇಲೆ ಕೂತಿತು. ಹಿಂದಕ್ಕೆ ಮುಂದಕ್ಕೆ ಆಡಿತು. ಎಳೆಗಳು ಒಂದೊಂದೇ ಸಿಡಿದವು. ಕೊನೆಗೆ ಕಪ್ಪು ದಾರವೂ ಹೋಯಿತು. ಹೊಳೆಯುವ ಅಂಗಿಯವನು ಕೈಕಾಲು ಬಡಿಯುತ್ತಾ ಗಾಳಿಯಲ್ಲಿ ಕೆಳಕ್ಕೆ ಹೋದ. ಅದು ನಾಟಕವಲ್ಲ, ನಿಜವಾಗಿ ಬಿದ್ದದ್ದು. ಟೆಂಟಿಗೆ ಟೆಂಟೇ ಸೀಟಿ ಹೊಡೆದು, "ಒನ್ಸ್ ಮೋರ್" ಅಂತ ಕೂಗಿತು.

ಹೇಗೆ ಎದ್ದಳೋ ಮುತ್ಯಾಲಮ್ಮನಿಗೇ ಗೊತ್ತಿಲ್ಲ, ಬೆಳಕಿನ ನಡುವೆ ನಿಂತಿದ್ದಳು.

"ಕಿತ್ತೋಗ್ಲಿಲ್ಲ! ನನ್ ಹಗ್ಗ ಕಿತ್ತೋಗ್ಲಿಲ್ಲ! ಕುಯ್ದವ್ನೆ! ನನ್ ತಮ್ಮ ಕುಯ್ದವ್ನೆ!"

"ಏಯ್ ಕೂತ್ಕೊಳಮ್ಮಾ!" ಅಂತ ಗಂಡಸರು ಗದರಿದರು. "ಓರಿ ದೇವುಡಾ," ಅಂದಳು ಭಾರತಮ್ಮ, ಬಾಯಿಗೆ ಸೆರಗು ಒತ್ತಿಕೊಂಡು. ಮುತ್ಯಾಲಮ್ಮ ಬಿದಿರ ಗಳುವಿನ ಆಚೆಗೆ ನೋಡಿದಳು. ಅಷ್ಟು ಜನರಲ್ಲಿ ಪರದೆಯ ಕಡೆ ನೋಡದೆ ಮರಳು ನೋಡುತ್ತಾ ಕೂತವನು ಒಬ್ಬನೇ, ಅವಳ ಗಂಡ.

ಅವನಿಗೆ ಗೊತ್ತಿತ್ತು! ಕುಯ್ದದ್ದಕ್ಕಿಂತ ಅದು ಅವಳಿಗೆ ಜೋರಾಗಿ ಹೊಡೆಯಿತು. ಗೇಟಿನವನು ಹೊರಗೆ ಹೋಗಮ್ಮಾ ಅನ್ನುವ ಮೊದಲೇ ಹೊರಗೆ ನಡೆದಳು. ಗಾಡಿಯ ಹತ್ತಿರ ಎತ್ತುಗಳು ಹುಲ್ಲು ಮೇಯುತ್ತಿದ್ದವು. ಆವಲಪ್ಪ ಕೋಲೂರಿಕೊಂಡು ಹಿಂದೆಯೇ ಬಂದ.

"ಅವ್ನು ನಿನ್ ಸಾಯ್ಸಕ್ಕೆ ನೋಡಿದ್ನಾ?" ಅಂದಳು.

"ಇಲ್ಲ ಕಣೇ. ಹಂಗಲ್ಲ."

"ಮತ್ತೆಂಗೆ? ಬಾಯ್ಬಿಡು!"

ಆವಲಪ್ಪ ಗಾಡಿಯ ಮೂಕಿಯ ಮೇಲೆ ಕೂತ. ಹೇಳಲೇಬೇಕಾಗಿತ್ತು, ಹೇಳಿದ. ಕಂಪನಿಯವರು ಎರಡು ಹಗ್ಗ ಕಟ್ಟಿದ್ದರು. ಅಂಗಿಯ ಮೇಲೆ ಮುತ್ಯಾಲಮ್ಮನದು, ಕ್ಯಾಮರಾಕ್ಕೆ ಕಾಣುವುದಕ್ಕೆ. ಅಂಗಿಯ ಒಳಗೆ ಎದೆಗೆ ಸುತ್ತಿ ಅವರದೊಂದು ಬಿಳಿ ಹಗ್ಗ, ಮೇಲಿನ ಬಂಡೆಗೆ ಬಿಗಿದದ್ದು. ಕಾಣುವ ಹಗ್ಗ ಕುಯ್ದರೆ ಒಂದು ಮೊಳ ಕುಸಿದು ಒಳಗಿನ ಹಗ್ಗದಲ್ಲಿ ನಿಲ್ಲಬೇಕು. ಕೇಡಿಯ ವೇಷದವನೂ ಅಂಚಿಗೆ ಬರಲು ಹೆದರಿದ, ಅವನ ರೇಷ್ಮೆ ಅಂಗಿಯನ್ನು ಕದಿರೇಶನಿಗೆ ತೊಡಿಸಿದರು. ಕುಯ್ಯುವ ವಿಷಯ ನಿಮ್ಮ ಭಾವನಿಗೆ ಹೇಳು ಅಂತ ಈ ಸೀಮೆಯ ತೆಲುಗು ಬಲ್ಲ ಮ್ಯಾನೇಜರು ಕದಿರೇಶನಿಗೆ ಹೇಳಿದ್ದ. ಕದಿರೇಶ ಹೇಳಲಿಲ್ಲ. ಅಕ್ಕ ಹೊಸೆದ ಹಗ್ಗಕ್ಕೆ ಚಾಕು ಹಾಕುತ್ತೇನೆ ಅಂದರೆ ಭಾವ ಒಪ್ಪುವುದಿಲ್ಲ, ತನ್ನ ಕೈ ಪಿಕ್ಚರಿನಲ್ಲಿ ಬರುವುದು ತಪ್ಪಿಹೋಗುತ್ತದೆ ಅಂತ ಆಸೆಗೆ ಬಿದ್ದು ಮುಚ್ಚಿಟ್ಟ, ಆಮೇಲೆ ಭಾವನ ಮುಂದೆ ಅತ್ತು ಒಪ್ಪಿಕೊಂಡಿದ್ದ.

"ಸರಿ, ಒಳಗಿಂದು ಇತ್ತಲ್ಲ? ಅದ್ಯಾಕೆ ಹಿಡೀಲಿಲ್ಲ?"

"ನಾನೇ ಬಿಚ್ಚಿದೆ."

"ಏನಂದೆ?"

"ಸ್ವಲ್ಪ ಇಳಿದ್ಮೇಲೆ ಒಂದು ಬಂಡೆ ಮೆಟ್ಲು ಐತಲ್ಲ, ಮೇಲಿಂದ ಕಾಣಲ್ಲ. ಅಲ್ಲಿ ನಿಂತು ಅವರ ಹಗ್ಗ ಬಿಚ್ಚಿ ಒಂದು ಬೇರಿಗೆ ಕಟ್ಬಿಟ್ಟೆ. ಬಿಗಿಯಾಗೇ ಇರ್ಲಿ, ಅವರಿಗೆ ಗೊತ್ತಾಗ್ದೆ ಇರ್ಲಿ ಅಂತ. ಎರಡು ಹಗ್ಗದಲ್ಲಿ ಇಳಿದೋರು ನಮ್ಮಲ್ಲಿ ಯಾರವ್ರೆ? ನಿನ್ ಹಗ್ಗ ಇರೋವಾಗ ಅದ್ಯಾಕೆ ಅನ್ನಿಸ್ತು. ಅವ್ನು ಅವರ ಹಗ್ಗ ನಂಬಿ ಕುಯ್ದ. ನಾನು ನಿನ್ ಹಗ್ಗ ನಂಬಿ ಬಿಚ್ಚಿದೆ."

ಮುತ್ಯಾಲಮ್ಮ ಗಾಡಿಯ ಚಕ್ರ ಹಿಡಿದುಕೊಂಡಳು. ನಗಬೇಕೋ ಅಳಬೇಕೋ ತೋಚಲಿಲ್ಲ. ನಂಬಿದರಂತೆ! ಇಬ್ಬರೂ ನಂಬಿದರಂತೆ!

"ನಾಲ್ಕು ವರ್ಷ ನಿನ್ ಕಾಲ್ ಹಿಡ್ಕೊಂಡು ಅತ್ನಲ್ಲಯ್ಯಾ. ನನ್ ಕೈಗೇ ಬೆಂಕಿ ಇಟ್ಕೊಳ್ಬೇಕು ಅನ್ನಿಸ್ತಿತ್ತು ನಂಗೆ. ಒಂದ್ ಮಾತು, ಒಂದೇ ಒಂದ್ ಮಾತು ಬರ್ಲಿಲ್ವಾ ನಿನ್ ಬಾಯಲ್ಲಿ?"

"ಹೇಳಿದ್ರೆ ನೀನು ಅವನ್ನ ಹೊಸಿಲು ತುಳಿಯಕ್ಕೆ ಬಿಡ್ತಿದ್ಯಾ? ನಿಂಗೆ ಇನ್ಯಾರವ್ರೆ ತವರು ಅಂತ?"

"ನನ್ ತವರು ಉಳಿಸಕ್ಕೆ ನನ್ ಹೆಸ್ರು ಕುಯ್ದ್ರಾ ಇಬ್ರೂ?"

ಗಾಡಿಯಲ್ಲಿ ಊರಿಗೆ ಬರುವಾಗ ಅವಳಿಗೆ ಇನ್ನೊಂದು ಹೊಳೆಯಿತು. ತನ್ನ ಹಗ್ಗ ಕುಯ್ದವನ ಹಗ್ಗವನ್ನು ಈ ಮನುಷ್ಯ ಪ್ರತಿ ಜೇನಿನ ಕಾಲದಲ್ಲೂ ಹಿಡಿದು ಕೂತಿದ್ದಾನೆ. ಒಂದು ಸಲವೂ ಕೈ ಸಡಿಲಿಸಲಿಲ್ಲ.

ಬೆಳಗಾಗುತ್ತಲೇ ಕದಿರೇಶನ ಗುಡಿಸಲಿಗೆ ಹೋದಳು. ಅವನು ಜಗಲಿಯ ಮೇಲೆ ಕೂತಿದ್ದ. ನಿದ್ದೆ ಮಾಡಿದ ಮುಖವಲ್ಲ. ಅಕ್ಕನನ್ನು ಕಂಡು ಎದ್ದು ನಿಂತ, ಹೊಡೆದರೆ ಹೊಡೆಸಿಕೊಳ್ಳುವ ಹಾಗೆ. ಅವಳು ಹೊಡೆಯಲಿಲ್ಲ.

"ಇವತ್ತು ಊರನ್ನೆಲ್ಲ ಟೆಂಟಿಗೆ ಕರ್ಕೊಂಡ್ ಹೋಗ್ತೀನಿ," ಅಂದಳು. "ನೀನೂ ಬರ್ತೀಯ. ಆ ಕೈ ಬಂದಾಗ ಎದ್ದು ನಿಂತು ನಿನ್ ಕೈ ತೋರ್ಸು. ಆಮೇಲೆ ನಿನ್ ಹತ್ರ ಮಾತಾಡ್ಬೇಕೋ ಬ್ಯಾಡ್ವೋ ಯೋಚ್ನೆ ಮಾಡ್ತೀನಿ."

"ಎಲ್ರ ಮುಂದೇನಾ ಅಕ್ಕಾ?"

"ನನ್ ಹೆಸ್ರು ಹೋಗಿದ್ದೂ ಎಲ್ರ ಮುಂದೇನೆ."

ಭಾರತಮ್ಮನ ಬಾಯಿಗೆ ಬಿದ್ದ ಸುದ್ದಿ, ಊರನ್ನು ಕರೆಯಬೇಕಾಗಿಯೇ ಇರಲಿಲ್ಲ. ಇದ್ದಬದ್ದ ಗಾಡಿಗಳೆಲ್ಲ ಕಟ್ಟಿದವು. ಗಾಡಿ ಸಿಕ್ಕದವರು ನಡೆದೇ ಹೊರಟರು. ಟೆಂಟಿನವನಿಗೆ ಇದೇನು ಜಾತ್ರೆ ಅಂತ ಅಚ್ಚರಿ. ಮುತ್ಯಾಲಮ್ಮ ತಮ್ಮನನ್ನು ಗಂಡಸರ ಕಡೆ ಮುಂದಿನ ಸಾಲಿನಲ್ಲಿ ಕೂರಿಸಿ, ತಾನು ಗಳುವಿನ ಈಚೆ ಅವನ ನೇರಕ್ಕೆ ಕೂತಳು. ಕತ್ತಿ ಕಾಳಗ ಬಂತು, ಹಾಡು ಬಂತು, ಬೆಟ್ಟ ಬಂತು. ಇವತ್ತು ದೇವರಾಯಸಮುದ್ರದವರು ಯಾರೂ ಹೋ ಅನ್ನಲಿಲ್ಲ.

ಹಗ್ಗ ಬಂತು. ಬಾಕು ಹಿಡಿದ ಎಡಗೈ ಬಂತು.

ಕದಿರೇಶ ಎದ್ದ. ಬೆಳಕಿಗೆ ಅಡ್ಡ ನಿಂತು ಎಡಗೈ ಎತ್ತಿದ. ಅವನ ಕೈಯ ನೆರಳು ಪರದೆಯ ಮೇಲೆ, ಹಗ್ಗ ಕುಯ್ಯುತ್ತಿದ್ದ ಕೈಯ ಪಕ್ಕದಲ್ಲೇ ಬಿತ್ತು. ಅಲ್ಲೂ ಬೆರಳು ಅರ್ಧ, ಇಲ್ಲೂ ಬೆರಳು ಅರ್ಧ. ಆವಲಪ್ಪ ಬೀಳುವಾಗ ಯಾರೋ ಹೆಂಗಸು ಕಿಟಾರನೆ ಕಿರುಚಿದಳು. ಸೀಟಿ ಹೊಡೆಯಲು ಬೆರಳು ಬಾಯಿಗಿಟ್ಟ ಪರವೂರಿನವನೊಬ್ಬ ಹಾಗೇ ತೆಗೆದ. ಎತ್ತಿದ ಕೈ ಇಳಿಸುವುದನ್ನೂ ಮರೆತು ಕದಿರೇಶ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಆವಲಪ್ಪನೇ ಅವನ ಪಂಚೆ ಎಳೆದು ಪಕ್ಕಕ್ಕೆ ಕೂರಿಸಿಕೊಂಡ.

ಮಾರನೆಯ ದಿನ ಭಾರತಮ್ಮ ಬಾಗಿಲಿಗೆ ಬಂದು ನಿಂತಳು. "ಎರಡನೇ ಮೊಮ್ಮಗು ಹುಟ್ಟೈತೆ ಕಣೇ. ತೊಟ್ಲಿಗೆ ಹಗ್ಗ ಬೇಕಾಗಿತ್ತು."

"ಸಂತೇಲಿ ಸಿಕ್ತದೆ ಹೋಗು," ಅಂದಳು ಮುತ್ಯಾಲಮ್ಮ. ಭಾರತಮ್ಮ ಮುಖ ಸಣ್ಣದು ಮಾಡಿಕೊಂಡು ತಿರುಗಿದಾಗ ಹಿಂದಿನಿಂದ ಕೂಗಿದಳು, "ನಾರು ಕೊಳೀಬೇಕಲ್ಲೇ! ಇವತ್ತು ಹಾಕಿದ್ರೆ ತಾನೆ? ಆಮೇಲೆ ಬಾ." ಅವತ್ತು ಮಧ್ಯಾಹ್ನ ಅವಳು ಕುಡುಗೋಲು ಹಿಡಿದು ಕತ್ತಾಳೆ ಬೇಲಿಯ ಕಡೆ ಹೋದದ್ದನ್ನು ಊರೆಲ್ಲ ನೋಡಿತು.

ತಮ್ಮನ ಹತ್ತಿರ ಮಾತ್ರ ಮಾತಿಲ್ಲ. ಅವನು ಬರುವನು, ಜಗಲಿಯಲ್ಲಿ ಕೂರುವನು, ಅವಳು ತಟ್ಟೆಯಲ್ಲಿ ಮುದ್ದೆ ಇಟ್ಟು ಮುಂದಕ್ಕೆ ತಳ್ಳುವಳು. ತಿಂದು ಹೋಗುವನು. ಜೇನಿನ ಕಾಲ ಬರುವ ತನಕ ಹೀಗೇ ನಡೆಯಿತು.

ಇಳಿಯುವ ದಿನ ಆವಲಪ್ಪನೂ ಕದಿರೇಶನೂ ಬೆಟ್ಟದ ತುದಿ ಸೇರುವಾಗ ಹಿಂದೆ ಕಲ್ಲು ಉರುಳಿದ ಸದ್ದಾಯಿತು. ಮುತ್ಯಾಲಮ್ಮ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದಳು. ಎರಡು ಹೆಗಲಿಗೂ ಒಂದೊಂದು ಹೊಸ ಹಗ್ಗ. ಎರಡರಲ್ಲೂ ಕೆಂಪು ದಾರ.

"ಹೆಂಗಸ್ರು ಇಲ್ಲಿಗೆ ಬರ್ಬಾರ್ದು ಕಣೇ," ಅಂದ ಆವಲಪ್ಪ ಗಾಬರಿಯಿಂದ. "ದೀಪ ಬಿಟ್ಟು ಬಂದ್ಯಾ?"

"ದೀಪದ ಮುಂದೆ ಕೂತಿದ್ದಕ್ಕೇ ಏನಾಯ್ತು ನೋಡಿದ್ನಲ್ಲ."

ಕದಿರೇಶ ಎರಡೂ ಹಗ್ಗ ನೋಡಿದ. "ಎರಡ್ಯಾಕಕ್ಕಾ? ಒಂದ್ ಸಾಕು. ನಿನ್ ಕೈ ಮೇಲೆ ನಂಗೆ ನಂಬ್ಕೆ ಐತೆ."

"ನಿಮ್ಮಿಬ್ರ ನಂಬ್ಕೆನೂ ನೋಡಾಯ್ತು," ಅಂದಳು. ಟೆಂಟಿಗೆ ಹೋಗಿ ಬಂದ ಮೇಲೆ ತಮ್ಮನಿಗೆ ಅವಳು ಆಡಿದ ಮೊದಲ ಮಾತು ಅದು. "ಬಾಯ್ಮುಚ್ಕೊಂಡು ಎರಡೂ ಕಟ್ಕೋ."

ಗಂಟುಗಳನ್ನು ತಾನೇ ಹಾಕಿ, ತಾನೇ ಎಳೆದು ನೋಡಿದಳು. ಒಂದು ಹಗ್ಗ ಗಂಡನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಮುಂಗೈಗೆ ಸುತ್ತಿಕೊಂಡು ಬಂಡೆಗೆ ಕಾಲು ಊರಿ ಕೂತಳು. ಕದಿರೇಶ ಅಂಚಿನಿಂದ ಇಳಿದು ಮರೆಯಾದ. ಹಗ್ಗಗಳು ಜಾರಿದವು, ಆ ಬಂಡೆ ಮೆಟ್ಟಿಲಿನ ಹತ್ತಿರ ನಿಂತವು. ಎರಡೂ ಬಿಗಿಯಾಗಿಯೇ ಇದ್ದವು. ಬಿಗಿಯಾಗಿದ್ದ ಮಾತ್ರಕ್ಕೆ ಆ ತುದಿಯಲ್ಲಿ ಮನುಷ್ಯ ಇರುತ್ತಾನೆ ಅಂತ ಅವಳು ಈಗ ನಂಬುವವಳಲ್ಲ.

"ಲೇ ಕದಿರೇಶಾ!" ಅಂತ ಬೆಟ್ಟ ಅದುರುವ ಹಾಗೆ ಕೂಗಿದಳು. "ಎರಡೂ ಎಳ್ದು ತೋರ್ಸೋ!"

ಮೊದಲು ಆವಲಪ್ಪನ ಕೈಯಲ್ಲಿದ್ದ ಹಗ್ಗ ಅಲುಗಿತು. ಆಮೇಲೆ ಅವಳ ಕೈಯದು.